ವಿಕಾಸವಾದ ಒಪ್ಪಿದರೆ ನಡತೆ ಸುಧಾರಿಸುತ್ತದೆಯೇ?

ಪ್ರಶ್ನೆ: ನನ್ನ ಮಗ ಪ್ರಥಮ ಪಿಯುಸಿಯಲ್ಲಿ ಪಿಸಿಎಂಸಿ ಓದುತ್ತಿದ್ದಾನೆ. ಮನೆಗೆಲಸಕ್ಕೆ ಬರುವ ಹೆಂಗಸಿಗೆ ನಮ್ಮ ಅತ್ತೆ ಇವತ್ತಿಗೂ ಬೇರೆ ಲೋಟದಲ್ಲೇ ಕಾಫಿ ಕೊಡುತ್ತಾರೆ. ಇದರಿಂದಾಗಿ ಅಜ್ಜಿಗೂ ಮೊಮ್ಮಗನಿಗೂ ದಿನಾ ಜಗಳ. “ದೇವರು ಒಬ್ಬೊಬ್ಬರನ್ನ ಒಂದೊಂದು ಥರ ಸೃಷ್ಟಿ ಮಾಡಿದ ಅನ್ನೋದು ಬಿಟ್ಟು ಎಲ್ಲರೂ ಡಾರ್ವಿನ್ ಹೇಳಿದ್ದನ್ನ ಒಪ್ಪಿಬಿಟ್ಟರೆ ಜಾತಿ, ಗಲಭೆ ಏನೂ ಇರಲ್ಲ” ಅಂತಾನೆ ಅವನು. “ಕೋತಿಯಿಂದ ಬಂದೋರು ಅಂತ ಹೇಳಿಕೊಟ್ಟರೆ ಮಕ್ಕಳು ಕೋತಿ ಥರಾನೇ ಆಡ್ತವೆ, ದೇವರ ಭಯ ಇರಬೇಕು” ಅಂತಾರೆ ಅತ್ತೆ. ಯಾರು ಸರಿ? ಇನ್ನೊಂದು ವಿಷಯ, ವಿಕಾಸದ ಪಾಠವನ್ನು ಪುಸ್ತಕದಿಂದ ತೆಗೆದಿದ್ದಾರಂತೆ, ಹೌದೇ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಲೋಟದ ವಿಷಯದಲ್ಲಿ ನಾನು ನಿಮ್ಮ ಮಗನ ಪರ. ಆದರೆ ವಿಕಾಸವನ್ನು ಒಪ್ಪಿದ ಕೂಡಲೇ ಜನ ಒಳ್ಳೆಯವರಾಗುತ್ತಾರೆ ಎಂಬ ಅವನ ನಂಬಿಕೆಗೆ ಇತಿಹಾಸದ ಬೆಂಬಲವಿಲ್ಲ. ದೇವರ ಭಯ ಹೋದರೆ ಮಕ್ಕಳು ಕೆಡುತ್ತಾರೆ ಎಂಬ ಅತ್ತೆಯವರ ಆತಂಕಕ್ಕೂ ಇಲ್ಲ. ನಮ್ಮ ಮೂಲದ ಬಗ್ಗೆ ನಾವು ಏನನ್ನು ನಂಬುತ್ತೇವೋ ಅದರಿಂದಲೇ ನಮ್ಮ ನಡತೆ ಹುಟ್ಟುತ್ತದೆ ಎಂದು ಇಬ್ಬರೂ ಅಂದುಕೊಂಡಿದ್ದಾರೆ. ಎಡವಿರುವುದು ಅಲ್ಲಿ.

ಕೋತಿಯ ಮಾತನ್ನು ಬೇಗ ಮುಗಿಸುತ್ತೇನೆ. ನಾವು ಇಂದಿನ ಕೋತಿಗಳಿಂದ ಬಂದವರಲ್ಲ, ಅವು ನಮ್ಮ ದೂರದ ದಾಯಾದಿಗಳು. ಚಿಂಪಾಂಜಿಗಳು ಇನ್ನೂ ಹತ್ತಿರದವು. ಅವಕ್ಕೂ ನಮಗೂ ಸಮಾನವಾದ ಪೂರ್ವಜರು ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಬದುಕಿದ್ದರು. ಆ ದೀರ್ಘ ದಾರಿಯಲ್ಲಿ ನಮಗೆ ಬಂದದ್ದು ಕಿತ್ತಾಟದ ಬುದ್ಧಿ ಮಾತ್ರವೇ ಅಲ್ಲ, ಸಾಕಿ ಸಲಹುವ ಬುದ್ಧಿಯೂ ಬಂತು. ನಿಮ್ಮ ಅತ್ತೆಯವರಿಗೆ ಇದೊಂದನ್ನು ದಯವಿಟ್ಟು ಓದಿ ಹೇಳಿ: ಮಕ್ಕಳಾಗುವ ವಯಸ್ಸು ದಾಟಿದ ಮೇಲೂ ದಶಕಗಳ ಕಾಲ ಗಟ್ಟಿಯಾಗಿ ಬದುಕುವ ಹೆಣ್ಣುಗಳು ಪ್ರಾಣಿಲೋಕದಲ್ಲಿ ತೀರಾ ಅಪರೂಪ. ಮನುಷ್ಯರಲ್ಲಿ ಇದೇಕೆ ಹೀಗೆ ಎಂದು ಹುಡುಕುತ್ತಾ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು ಬೇಟೆಯಾಡಿ, ಗೆಡ್ಡೆ-ಹಣ್ಣು ಆಯ್ದು ಬದುಕುವ ಟಾಂಜಾನಿಯಾದ ಹಾಡ್ಜಾ ಜನರ ನಡುವೆ ಅಧ್ಯಯನ ಮಾಡಿದರು. ಅಲ್ಲಿ ವಯಸ್ಸಾದ ಹೆಂಗಸರು ಅಗೆದು ತರುವ ಗೆಡ್ಡೆಗಳು ಮೊಮ್ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದವು. ಅಜ್ಜಿಯರ ಈ ದುಡಿಮೆಯೇ ಮನುಷ್ಯರ ಆಯುಷ್ಯವನ್ನು ಹೆಚ್ಚಿಸಿರಬೇಕು ಎಂಬುದು ಅವರ ವಾದ. ಎಲ್ಲ ತಜ್ಞರೂ ಇದನ್ನು ಒಪ್ಪಿಲ್ಲ, ಆದರೆ ತಳ್ಳಿಹಾಕುವಂಥ ವಾದವೂ ಅಲ್ಲ. ಅಜ್ಜಿಯ ಅಕ್ಕರೆಗೆ ಇಷ್ಟು ದೊಡ್ಡ ಸ್ಥಾನ ಕೊಡುವ ವಿಜ್ಞಾನ ಮೊಮ್ಮಕ್ಕಳನ್ನು ಕೆಡಿಸುತ್ತದೆ ಎಂದು ಹೆದರುವುದು ಬೇಡ.

ಇನ್ನು ಮಗನ ವಾದ. 1925ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಡೇಟನ್ ಎಂಬ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕರ ಮೇಲೆ ಮೊಕದ್ದಮೆ ನಡೆಯಿತು. ವಿಕಾಸವಾದವನ್ನು ಪಾಠ ಮಾಡಿದ್ದೇ ಅವರ ಅಪರಾಧ. ನೂರು ಡಾಲರ್ ದಂಡವೂ ಬಿತ್ತು. ವಿಜ್ಞಾನ ಪ್ರೇಮಿಗಳು ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಆ ಮೊಕದ್ದಮೆಯ ಕೇಂದ್ರದಲ್ಲಿದ್ದ, 1914ರಲ್ಲಿ ಅಚ್ಚಾದ ಪಠ್ಯಪುಸ್ತಕದಲ್ಲಿ ಇನ್ನೇನಿತ್ತು ಎಂದು ಹೇಳುವವರು ಕಡಿಮೆ. ಮನುಷ್ಯರನ್ನು ಐದು ಜನಾಂಗಗಳಾಗಿ ವಿಂಗಡಿಸಿ, ಬಿಳಿಯರೇ ಎಲ್ಲಕ್ಕಿಂತ ಮೇಲು ಎಂದು ಅದು ಮಕ್ಕಳಿಗೆ ಕಲಿಸುತ್ತಿತ್ತು. ಡಾರ್ವಿನ್ನರ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಹೆಸರಿಟ್ಟ ಸುಸಂತಾನ ವಾದವನ್ನೂ, ಅಂದರೆ ‘ಒಳ್ಳೆಯ ತಳಿ’ಯವರಿಗೆ ಮಾತ್ರ ಮಕ್ಕಳಾಗಬೇಕು ಎಂಬ ವಾದವನ್ನೂ, ಎತ್ತಿಹಿಡಿಯುತ್ತಿತ್ತು. ಆ ಮೊಕದ್ದಮೆಯಾದ ಎರಡೇ ವರ್ಷಗಳಲ್ಲಿ, 1927ರಲ್ಲಿ, ‘ಬುದ್ಧಿ ಕಡಿಮೆ’ ಎಂದು ಹಣೆಪಟ್ಟಿ ಹಚ್ಚಿದವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟೇ ಒಪ್ಪಿಗೆ ಕೊಟ್ಟಿತು. ಇದನ್ನೆಲ್ಲ ಮುಂದೆ ನಿಂತು ಮಾಡಿಸಿದವರಲ್ಲಿ ವಿಕಾಸವನ್ನು ಒಪ್ಪಿದ, ಓದಿಕೊಂಡ ಜನರೇ ಬಹಳ ಇದ್ದರು. ಜೀವವಿಜ್ಞಾನ ಕಲಿಸುವ ನಮ್ಮಂಥವರು ಈ ಭಾಗವನ್ನು ಹಾರಿಸಿ ಮುಂದೆ ಹೋಗಬಾರದು.

ಸೃಷ್ಟಿಯ ನಂಬಿಕೆಯನ್ನೂ ಜನ ಎರಡೂ ಕಡೆಗೆ ಬಾಗಿಸಿದ್ದಾರೆ. ದೇವರು ಒಂದೇ ದಂಪತಿಯಿಂದ ಎಲ್ಲರನ್ನೂ ಹುಟ್ಟಿಸಿದ, ಹಾಗಾಗಿ ಕಪ್ಪು ಜನರೂ ನಮ್ಮ ಒಡಹುಟ್ಟಿದವರು ಎಂದು ಗುಲಾಮಗಿರಿಯ ವಿರುದ್ಧ ನಿಂತ ಕ್ರೈಸ್ತರಿದ್ದರು. ಡಾರ್ವಿನ್ನರ ತಾಯಿಯ ತಂದೆ ಜೊಸಾಯ ವೆಜ್‌ವುಡ್ ಆ ಹೋರಾಟದಲ್ಲಿ ಮುಂಚೂಣಿಯಲ್ಲಿದ್ದವರು. ಅದೇ ಸೃಷ್ಟಿಯ ಹೆಸರಿನಲ್ಲಿ, ಒಂದೊಂದು ಜನಾಂಗವನ್ನೂ ದೇವರು ಬೇರೆಬೇರೆಯಾಗಿ ಮಾಡಿದ ಎಂದು ವಾದಿಸಿ ಡಾರ್ವಿನ್ನರನ್ನು ಕೊನೆಯವರೆಗೂ ವಿರೋಧಿಸಿದ ಲೂಯಿ ಅಗಾಸಿಯಂಥ ದೊಡ್ಡ ವಿಜ್ಞಾನಿಯೂ ಇದ್ದರು. ನಮ್ಮಲ್ಲಿ ಪುರುಷಸೂಕ್ತದ ಬಾಯಿ, ತೋಳು, ತೊಡೆ, ಪಾದಗಳ ಚಿತ್ರವನ್ನು ಮೇಲು-ಕೀಳಿಗೆ ಆಧಾರವಾಗಿ ತೋರಿಸಿದವರಿದ್ದಾರೆ. ದೇವರನ್ನು ನಂಬಿಯೇ ಆ ಮೇಲು-ಕೀಳನ್ನು ಧಿಕ್ಕರಿಸಿದ 12ನೇ ಶತಮಾನದ ಶರಣರೂ ಇದೇ ನೆಲದವರು.

ಸೃಷ್ಟಿಕರ್ತನೇ ಬೇಡ ಎಂದ ಪರಂಪರೆಯೂ ನಮ್ಮದೇ. ಪಶ್ಚಿಮದಲ್ಲಿ ನಡೆಯುವ ‘ಡಾರ್ವಿನ್ನೋ ದೇವರೋ’ ಎಂಬ ಜಗಳವನ್ನು ಹಾಗೇ ಎತ್ತಿಕೊಂಡು ಬಂದು ಇಲ್ಲಿ ಆಡುವ ಮಕ್ಕಳಿಗೆ ಇದು ಗೊತ್ತಿರಬೇಕು. ಜೈನ ಮತದಲ್ಲಿ ಲೋಕವನ್ನು ಯಾರೂ ಸೃಷ್ಟಿಸಿಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ತರ್ಕದಿಂದ ಖಂಡಿಸಿದ್ದಾರೆ. ಮನುಷ್ಯ ಜಾತಿ ಒಂದೇ ಎಂಬ ಮಾತೂ ಅದರಲ್ಲೇ ಇದೆ. ಪಂಪನ ಮೂಲಕ ಆ ಮಾತು ಕನ್ನಡಕ್ಕೆ ಬಂದು ನಮಗೆಲ್ಲ ಬಾಯಿಪಾಠವಾಗಿದೆ. ಆದರೆ ಜಿನಸೇನರು ಅದರ ಬೆನ್ನಿಗೇ, ಮಾಡುವ ಕಸುಬಿನ ಭೇದದಿಂದ ಮನುಷ್ಯರು ನಾಲ್ಕು ಬಗೆ ಎಂದೂ ಹೇಳುತ್ತಾರೆ. ಸೃಷ್ಟಿಕರ್ತನನ್ನು ಬಿಟ್ಟರು, ಮನುಷ್ಯರೆಲ್ಲ ಒಂದು ಎಂದರು, ವರ್ಣ ಮಾತ್ರ ಉಳಿಯಿತು. ನಿಮ್ಮ ಮಗ ಇದರ ಬಗ್ಗೆ ತುಸು ಹೊತ್ತು ಯೋಚಿಸಲಿ.

ಅವನ ಕೈಯಲ್ಲಿ ಒಂದು ಒಳ್ಳೆಯ ಸಾಕ್ಷಿ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2022ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಆಮ್ಹರ್ಸ್ಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಹಲವು ದೇಶಗಳ ಸಮೀಕ್ಷೆಗಳನ್ನು ಜಾಲಾಡಿ ಒಂದು ಸಂಶೋಧನೆ ಪ್ರಕಟಿಸಿದರು. ಅಮೆರಿಕ, ಪೂರ್ವ ಯುರೋಪು, ಮುಸ್ಲಿಂ ದೇಶಗಳು, ಇಸ್ರೇಲ್ ಎಲ್ಲವೂ ಅದರಲ್ಲಿದ್ದವು. ಮಾನವ ವಿಕಾಸವನ್ನು ಒಪ್ಪದವರಲ್ಲಿ ಹೊರಗಿನವರ ಬಗ್ಗೆ ಪೂರ್ವಗ್ರಹ ಹೆಚ್ಚು ಕಂಡಿತು. ಧಾರ್ಮಿಕತೆ, ಓದು, ರಾಜಕೀಯ ಒಲವುಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಉಳಿಯಿತು. ಆದರೆ ಎರಡು ಸಂಗತಿಗಳು ಒಟ್ಟಿಗೆ ಕಂಡವು ಎನ್ನುವುದು ಬೇರೆ, ಒಂದು ಇನ್ನೊಂದನ್ನು ಹುಟ್ಟಿಸಿತು ಎನ್ನುವುದು ಬೇರೆ. ಹೊಸಬರನ್ನು, ಹೊಸ ವಿಚಾರಗಳನ್ನು ಬಾಗಿಲು ತೆರೆದು ಕರೆಯುವ ಮನಸ್ಸೇ ವಿಕಾಸವನ್ನೂ ಸುಲಭವಾಗಿ ಒಪ್ಪುತ್ತಿರಬಹುದು. 2006ರಲ್ಲಿ ಪ್ರಕಟವಾದ 34 ದೇಶಗಳ ಹೋಲಿಕೆಯಲ್ಲಿ ವಿಕಾಸವನ್ನು ಅತಿ ಹೆಚ್ಚು ಒಪ್ಪಿದವರು ಐಸ್‌ಲ್ಯಾಂಡ್, ಡೆನ್ಮಾರ್ಕ್, ಸ್ವೀಡನ್ನಿನ ಜನ. ಅವು ನೆಮ್ಮದಿಯ ದೇಶಗಳು, ಅತ್ತೆಯವರು ಹೆದರುವಂಥದ್ದೇನೂ ಅಲ್ಲಿ ಆಗಿಲ್ಲ. ಹಾಗೆಂದು ಆ ನೆಮ್ಮದಿಯನ್ನು ಡಾರ್ವಿನ್ನರ ಖಾತೆಗೆ ಬರೆಯುವುದೂ ತಪ್ಪು. ಒಳ್ಳೆಯ ಸರ್ಕಾರಿ ಶಾಲೆ, ಆಸ್ಪತ್ರೆ, ನಂಬಬಹುದಾದ ಆಡಳಿತ ಅಲ್ಲಿ ಬಹಳ ಕೆಲಸ ಮಾಡಿವೆ.

ಹಾಗಾದರೆ ವಿಕಾಸ ತಿಳಿದುಕೊಂಡು ಏನು ಪ್ರಯೋಜನ? ಒಂದು, ಹುಟ್ಟಿನ ಮೇಲು-ಕೀಳಿಗೆ ನೆಪವೇ ಇಲ್ಲದಂತಾಗುತ್ತದೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿ ಮತ್ತು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೇರಿ 2013ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನದ ಪ್ರಕಾರ, ಸುಮಾರು 4,200 ವರ್ಷಗಳ ಹಿಂದಿನಿಂದ 1,900 ವರ್ಷಗಳ ಹಿಂದಿನವರೆಗೆ ಭಾರತದ ಬೇರೆಬೇರೆ ಜನಸಮುದಾಯಗಳು ವ್ಯಾಪಕವಾಗಿ ಬೆರೆತವು. ಒಳಗೊಳಗೇ ಮದುವೆಯಾಗುವ ಕಟ್ಟುಪಾಡು ಬಿಗಿಯಾದದ್ದು ಆಮೇಲೆ. ‘ಶುದ್ಧ ರಕ್ತ’ ಎಂಬುದು ನಮ್ಮಲ್ಲಿ ಯಾರ ಮೈಯಲ್ಲೂ ಹರಿಯುತ್ತಿಲ್ಲ. ಇದನ್ನು ಬಲ್ಲ ಜನ ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಆದರೂ ವಧು-ವರರ ಜಾಹೀರಾತಿನಲ್ಲಿ ಒಳಪಂಗಡದ ಹೆಸರು ತಪ್ಪುವುದಿಲ್ಲ. ಬಾಡಿಗೆ ಮನೆ ಕೇಳಿಕೊಂಡು ಹೋದವರಿಗೆ “ನೀವು ಯಾವ ಜನ?” ಎಂಬ ಪ್ರಶ್ನೆಯೂ ತಪ್ಪುವುದಿಲ್ಲ. ನನಗೆ ಇದು ಬಹಳ ನೋವಿನ ವಿಷಯ. ತಿಳಿವಳಿಕೆ ಹೊಸ್ತಿಲವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ.

ಎರಡನೆಯ ಪ್ರಯೋಜನವೇ ನನ್ನ ಮಟ್ಟಿಗೆ ಮುಖ್ಯ. ‘ನಮ್ಮವರು’ ಎಂಬ ಗೆರೆಯನ್ನು ಜೀವಿಗಳು ಹೇಗೆ ಎಳೆಯುತ್ತವೆ ಎಂಬುದನ್ನು ವಿಕಾಸದ ವಿಜ್ಞಾನ ತೋರಿಸುತ್ತದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ‘ರೋಪಾಲಿಡಿಯಾ ಮಾರ್ಜಿನೇಟಾ’ ಎಂಬ ಕಣಜದ ಹುಳುಗಳನ್ನು ಗಮನಿಸಿದ್ದಾರೆ. ಕಿಟಕಿ, ಸಜ್ಜೆಗಳ ಅಡಿಯಲ್ಲಿ ಕಾಗದದಂಥ ಗೂಡು ಕಟ್ಟುವ ಹುಳುಗಳಿವು. ಆ ಗೂಡಿನ ಯಾವ ಹೆಣ್ಣಾದರೂ ರಾಣಿಯಾಗಬಲ್ಲದು, ಆದರೂ ಬಹುಪಾಲು ಹೆಣ್ಣುಗಳು ಇನ್ನೊಬ್ಬಳ ಮರಿಗಳಿಗಾಗಿ ಜೀವಮಾನವಿಡೀ ದುಡಿಯುತ್ತವೆ. ಅವುಗಳ ನಡುವಿನ ರಕ್ತಸಂಬಂಧ ಅಷ್ಟೇನೂ ಹತ್ತಿರದ್ದಲ್ಲ, ಸಂಬಂಧವೊಂದರಿಂದಲೇ ಆ ತ್ಯಾಗವನ್ನು ವಿವರಿಸಲಾಗದು ಎಂದು ಅವರ ತಂಡ ತೋರಿಸಿತು. ಅದೇ ಹುಳುಗಳು ಬೇರೆ ಗೂಡಿನ ಬೆಳೆದ ಹುಳುವನ್ನು ಸಾಮಾನ್ಯವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಮನುಷ್ಯರಲ್ಲಿಯೂ ಒಳಗಿನವರಿಗೆ ಅಕ್ಕರೆ, ಹೊರಗಿನವರಿಗೆ ಅನುಮಾನ ಇದ್ದೇ ಇದೆ. ಆದರೆ ನಮ್ಮ ಗೆರೆ ಬೇಗ ಜರುಗುತ್ತದೆ. 2001ರ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಕಪ್ಪು, ಬಿಳಿ ಆಟಗಾರರನ್ನು ಎರಡು ತಂಡಗಳಲ್ಲಿ ಬೆರೆಸಿ, ತಂಡಕ್ಕೊಂದು ಬಣ್ಣದ ಅಂಗಿ ತೊಡಿಸಿ ತೋರಿಸಿದರು. ಕೆಲವೇ ನಿಮಿಷಗಳಲ್ಲಿ ನೋಡುಗರ ಮನಸ್ಸು ಮೈಬಣ್ಣಕ್ಕಿಂತ ಅಂಗಿಯ ಬಣ್ಣವನ್ನೇ ಗುರುತಿಗೆ ಹಿಡಿಯತೊಡಗಿತು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಕ್ರಿಕೆಟ್ ಪಂದ್ಯಾವಳಿ ನಡೆಸಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೇರೆ ಜಾತಿಯವರೊಂದಿಗೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು, ಸ್ವಜಾತಿಯ ಪಕ್ಷಪಾತ ಇಳಿಯಿತು. ಎದುರಾಳಿಗಳಾಗಿ ಆಡಿದವರಲ್ಲಿ ಆ ಲಾಭ ಕಾಣಲಿಲ್ಲ. ಬಡ ಮಕ್ಕಳಿಗೆ ಸೀಟು ಕೊಡಲೇಬೇಕಾಗಿ ಬಂದ ದಿಲ್ಲಿಯ ದುಬಾರಿ ಖಾಸಗಿ ಶಾಲೆಗಳಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಧ್ಯಯನ ಮಾಡಿದರು. ಅಕ್ಕಪಕ್ಕ ಕೂತು ಓದಿದ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾದರು, ಬಡವರ ಬಗ್ಗೆ ತಾರತಮ್ಯ ಕಡಿಮೆ ಮಾಡಿದರು.

ಹಾಗಾಗಿ ನಿಮ್ಮ ಮನೆಯ ಲೋಟದ ವಿಷಯಕ್ಕೆ ಡಾರ್ವಿನ್ ಗೆಲ್ಲುವವರೆಗೆ ಕಾಯಬೇಕಾಗಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದಾಗ ಯಾರು ಯಾವ ಸೃಷ್ಟಿಯ ಕಥೆಯನ್ನು ನಂಬುತ್ತಾರೆ ಎಂದು ಕೇಳಿರಲಿಲ್ಲ. ನಿಮ್ಮ ಪತ್ರದಲ್ಲಿ ಅಜ್ಜಿ ಇದ್ದಾರೆ, ಮೊಮ್ಮಗ ಇದ್ದಾನೆ, ನೀವು ಕಾಣಲಿಲ್ಲ. ಆ ಬೇರೆ ಲೋಟವನ್ನು ನೀವೇ ತೆಗೆದುಬಿಡಿ, ಕಾಫಿಯನ್ನು ಎಲ್ಲರಿಗೂ ಒಂದೇ ತಟ್ಟೆಯಲ್ಲಿ ತನ್ನಿ. ಕೆಲಸಕ್ಕೆ ಬರುವವರ ಎದುರು ಈ ಬಗ್ಗೆ ವಾದ ಬೇಡವೇ ಬೇಡ, ಆಕೆಗೆ ಅದು ಇನ್ನೊಂದು ಅವಮಾನ. ಅತ್ತೆಯವರು ನಾಲ್ಕು ದಿನ ಮುನಿಸಿಕೊಳ್ಳಬಹುದು. ಅವರ ಪೂಜೆ, ದೇವರು, ನಂಬಿಕೆ ಯಾವುದನ್ನೂ ಇದಕ್ಕಾಗಿ ಬಿಡಬೇಕಾಗಿಲ್ಲ ಎಂದು ಮೊಮ್ಮಗನೇ ಹೇಳಲಿ. ದೇವರ ಸುದ್ದಿಗೆ ಹೋದ ಕೂಡಲೇ ಅಜ್ಜಿ ಎದುರಾಳಿ ತಂಡಕ್ಕೆ ಸೇರುತ್ತಾರೆ, ಆಮೇಲೆ ಯಾವ ಮಾತೂ ಕಿವಿಗೆ ಬೀಳುವುದಿಲ್ಲ.

ಪಾಠದ ವಿಷಯ: ಹೌದು, ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಡಲಾಗಿದೆ. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಇದನ್ನು ವಿರೋಧಿಸಿದರು. ಅವರ ವಿರೋಧ ಸರಿಯಾದದ್ದು, ಏಕೆಂದರೆ ಹತ್ತರ ನಂತರ ಜೀವವಿಜ್ಞಾನ ಬಿಡುವ ಮಕ್ಕಳಿಗೆ ಇದನ್ನು ಮತ್ತೆ ಯಾರೂ ಕಲಿಸುವುದಿಲ್ಲ. ಹನ್ನೆರಡನೇ ತರಗತಿಯ ಜೀವವಿಜ್ಞಾನ ಪುಸ್ತಕದಲ್ಲಿ ಅಧ್ಯಾಯ ಉಳಿದಿದೆ, ನಮ್ಮ ದ್ವಿತೀಯ ಪಿಯುಸಿಯಲ್ಲೂ ಅದೇ ಪುಸ್ತಕ ನಡೆಯುತ್ತದೆ. ಪಿಸಿಎಂಸಿ ತೆಗೆದುಕೊಂಡ ನಿಮ್ಮ ಮಗನಿಗೆ ಅದು ಪಠ್ಯವಲ್ಲ. ಪಿಸಿಎಂಬಿ ಓದುವ ಗೆಳೆಯರಿಂದ ಪುಸ್ತಕ ಪಡೆದು ಓದಲಿ, ಎನ್‌ಸಿಇಆರ್‌ಟಿ ಜಾಲತಾಣದಲ್ಲೂ ಅದು ಉಚಿತವಾಗಿ ಸಿಗುತ್ತದೆ.