'ಒಂದು ಫೋನ್ ಮಾಡಿದರೆ ಆಗುತ್ತಿತ್ತು'

ಓದುಗರ ಪತ್ರ: ಸಂಪಾದಕರೇ, ಕಳೆದ ತಿಂಗಳು ನಮ್ಮ ಗ್ರಾಮಸಭೆಯಲ್ಲಿ ಊರಿನ ಮುಖಂಡರೊಬ್ಬರು ಎದ್ದು ನಿಂತು, "ಎಲ್ಲವನ್ನೂ ಆನ್‌ಲೈನ್ ಮಾಡಿ ಬಡವರನ್ನು ಸತಾಯಿಸುತ್ತಿದ್ದಾರೆ. ಹಿಂದೆಲ್ಲ ನಾನು ಒಂದು ಫೋನ್ ಮಾಡಿದರೆ ಕೆಲಸ ಆಗುತ್ತಿತ್ತು" ಅಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಮ್ಮ ಅತ್ತೆ ನಲವತ್ತು ವರ್ಷ ಬೀಡಿ ಕಟ್ಟಿದವರು. ರೇಷನ್ ಅಂಗಡಿಯ ಯಂತ್ರ ಅವರ ಬೆರಳನ್ನು ತೆಗೆದುಕೊಳ್ಳುವುದೇ ಇಲ್ಲ. ಮನೆಗೆ ಬಂದ ಮೇಲೆ ಪಿಯುಸಿ ಓದುವ ಮಗಳು, "ಅಮ್ಮ, ಅವರು ಯಾರಿಗಾಗಿ ಫೋನ್ ಮಾಡುತ್ತಿರಲಿಲ್ಲವೋ ಅವರ ಕೆಲಸ ಏನಾಗುತ್ತಿತ್ತು?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ನಾನು ಚಪ್ಪಾಳೆ ತಟ್ಟಿದ್ದು ತಪ್ಪಾ? – ಕಾಪು ಕಡೆಯ ಒಬ್ಬ ಓದುಗಿ (ಹೆಸರು ಬೇಡ)

ಸಂಪಾದಕರ ಉತ್ತರ:

ಅಕ್ಕ, ನಮಸ್ಕಾರ. ನೀವು ಚಪ್ಪಾಳೆ ತಟ್ಟಿದ್ದು ಅತ್ತೆಯ ಬೆರಳಿಗಾಗಿ. ಅದರಲ್ಲಿ ತಪ್ಪಿಲ್ಲ. ಆದರೆ ಮುಖಂಡರು ಆ ಚಪ್ಪಾಳೆಯನ್ನು ತಮ್ಮ ಫೋನಿನ ಲೆಕ್ಕಕ್ಕೆ ಬರೆದುಕೊಂಡು ಹೋದರು. ಬೆರಳಿನ ಕಷ್ಟ ಒಂದು, ಫೋನಿನ ಸಂಕಟ ಇನ್ನೊಂದು. ಸಭೆಯಲ್ಲಿ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟರು.

ನಿಮ್ಮ ಮಗಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಉಂಟು. ನಮ್ಮ ಅಪ್ಪನಿಗೆ ಸಣ್ಣ ಅಡಿಕೆ ತೋಟ ಇತ್ತು. ಪ್ರತಿ ವರ್ಷ ಸೊಸೈಟಿಯಲ್ಲಿ ಬೆಳೆ ಸಾಲ ತೆಗೆಯಲು ಆರ್‌ಟಿಸಿ, ಅಂದರೆ ಜಮೀನಿನ ಪಹಣಿ ಬೇಕು. ಅದನ್ನು ಬರೆದುಕೊಡುವವರು ಗ್ರಾಮದ ಲೆಕ್ಕಿಗರು. ಪುಸ್ತಕ ಅವರ ಕೈಯಲ್ಲಿ. "ಬುಕ್ಕು ಮನೆಯಲ್ಲಿ ಉಂಟು, ನಾಳೆ ಬನ್ನಿ" ಅನ್ನುತ್ತಿದ್ದರು. ನಾಳೆ ಹೋದರೆ ಅವರು ತಾಲೂಕಾಫೀಸಿಗೆ ಹೋಗಿರುತ್ತಿದ್ದರು. ಮೂರನೆಯ ಸಲ ಅಪ್ಪ ಒಂದು ಬಾಳೆಗೊನೆ ಹೊತ್ತುಕೊಂಡು ಹೋಗುತ್ತಿದ್ದರು. ಆಗ ಬುಕ್ಕು ಸಿಗುತ್ತಿತ್ತು. ಅದೇ ವಾರ ಪಕ್ಕದ ಮನೆಯವರು ಮುಖಂಡರ ಹತ್ತಿರ "ಒಂಜಿ ಫೋನ್ ಮಲ್ಪುಲೆ" (ಒಂದು ಫೋನ್ ಮಾಡಿ) ಅಂದು ಮಧ್ಯಾಹ್ನದೊಳಗೆ ಕಾಗದ ತಂದಿದ್ದರು. ಅಪ್ಪ ಯಾರನ್ನೂ ಬೈಯಲಿಲ್ಲ. ಬಾಳೆಗೊನೆಯನ್ನು ಲಂಚ ಅಂತ ಎಣಿಸಲೂ ಇಲ್ಲ. ಫೋನ್ ಮಾಡಿಸಲು ಆಗದವರ ಕೆಲಸ ಹೀಗೆ ಆಗುತ್ತಿತ್ತು ಎಂದು ಮಗಳಿಗೆ ಹೇಳಿ.

ಆಮೇಲೆ 'ಭೂಮಿ' ಬಂತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ಸುಮಾರು 67 ಲಕ್ಷ ಭೂಮಾಲಕರ ಹೆಚ್ಚುಕಡಿಮೆ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿಸಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಆರ್‌ಟಿಸಿ ಕೈಗೆ ಸಿಗುತ್ತಿತ್ತು. ಕೈಬರಹದ ಆರ್‌ಟಿಸಿ ಇನ್ನು ನಡೆಯುವುದಿಲ್ಲ ಎಂದು ಸರ್ಕಾರ ಗಟ್ಟಿಯಾಗಿ ಹೇಳಿತು. ಇದು ದೊಡ್ಡ ವಿಷಯ, ಯಾಕೆಂದರೆ ಹಳೆಯ ಪುಸ್ತಕವೂ ಹೊಸ ಕಂಪ್ಯೂಟರೂ ಎರಡೂ ನಡೆಯುತ್ತವೆ ಎಂದಿದ್ದರೆ ಪುಸ್ತಕವೇ ಗೆಲ್ಲುತ್ತಿತ್ತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ 2002ರಲ್ಲಿ ಜನರನ್ನು ಕೇಳಿ ನೋಡಿತು. ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವು ಎಂದವರು ನೂರಕ್ಕೆ 66. ಭೂಮಿ ಕಿಟಕಿಯಲ್ಲಿ ಕೊಟ್ಟೆವು ಎಂದವರು 3.

ಆದರೆ ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಇನ್ನೊಂದು. ಖಾತೆ ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದಕ್ಕೆ ಮೊದಲು ಎಂಬ ಕ್ರಮದಲ್ಲೇ ತೆಗೆಯುವ ಹಾಗೆ ಆ ವ್ಯವಸ್ಥೆಯಲ್ಲಿ ಕಟ್ಟಿಹಾಕಿದ್ದರು. ಒಂದು ಅರ್ಜಿಯನ್ನು ಮುಂದೆ ತಳ್ಳಬೇಕಾದರೆ ಕಾರಣ ಬರೆಯಬೇಕು, ಯಾರು ತಳ್ಳಿದರು ಎಂಬುದು ದಾಖಲೆಯಲ್ಲಿ ಉಳಿಯುತ್ತದೆ. ಸಿನಿಮಾ ಟಿಕೆಟ್ಟಿಗೂ ಬಸ್ಸಿಗೂ ನಮಗೆ ಸರದಿ ಗೊತ್ತು. ಸರ್ಕಾರಿ ಕಚೇರಿಯೊಳಗೆ ಮಾತ್ರ ಸರದಿ ಎಂಬುದೇ ಇರಲಿಲ್ಲ, ಅಲ್ವಾ? ಫೈಲುಗಳ ರಾಶಿಯಲ್ಲಿ ಯಾವುದು ಮೇಲೆ ಬರಬೇಕು ಎಂದು ಹೇಳುವ ಶಕ್ತಿ ಇದ್ದವರೇ ಊರಿನ ದೊಡ್ಡವರು. ನಿಮ್ಮ ಮುಖಂಡರ ಫೋನ್ ಹೊಸ ಹಕ್ಕನ್ನೇನೂ ಕೊಡುತ್ತಿರಲಿಲ್ಲ ಅಕ್ಕ. ಹೇಗೂ ನಿಮಗೆ ಸಿಗಬೇಕಾದದ್ದನ್ನೇ ಇನ್ನೊಬ್ಬರಿಗಿಂತ ಮೊದಲು ಕೊಡಿಸುತ್ತಿತ್ತು. ಆ ಉಪಕಾರ ಚುನಾವಣೆಯಲ್ಲಿ ವಾಪಸ್ ಬರುತ್ತಿತ್ತು. ಸರದಿ ಬಂದರೆ ಆ ಉಪಕಾರ ಮಾಡಲು ಜಾಗವೇ ಇಲ್ಲ. ಯಾವ ಪಕ್ಷದವರಿಗೂ ಇದು ಹಿಡಿಸುವುದಿಲ್ಲ.

ಶಿಕ್ಷಕರ ವರ್ಗಾವಣೆಯನ್ನೇ ನೋಡಿ. ಒಂದು ಕಾಲದಲ್ಲಿ ಮೇಷ್ಟ್ರುಗಳು ಶಾಸಕರ ಶಿಫಾರಸು ಪತ್ರ ಹಿಡಿದು ಬೆಂಗಳೂರಿಗೆ ಬಸ್ಸು ಹತ್ತುತ್ತಿದ್ದರು. 2007ರಲ್ಲಿ ಕಾಯ್ದೆ ಬಂದು ಕೌನ್ಸೆಲಿಂಗ್ ಗಟ್ಟಿಯಾಯಿತು. ಖಾಲಿ ಜಾಗ ಎಲ್ಲರ ಕಣ್ಣೆದುರು, ಆಯ್ಕೆ ಸರದಿ ಪ್ರಕಾರ. ಒಳ್ಳೆಯದೇ ಆಯಿತು. ಆದರೂ ಎಷ್ಟೋ ಇಲಾಖೆಗಳಲ್ಲಿ ಇವತ್ತಿಗೂ ಶಿಫಾರಸು ಪತ್ರವೇ ನಡೆಯುತ್ತದೆ.

ಎದ್ದು ನಿಂತು ಬೇಡ ಅನ್ನುವ ವಿರೋಧ ಕಡಿಮೆ. ಸುಮ್ನೆ ಇದ್ದುಬಿಡುವ ವಿರೋಧವೇ ಜಾಸ್ತಿ. 'ಸಕಾಲ' ಕಾಯ್ದೆ 2011ರದ್ದು, 2012ರಲ್ಲಿ ಜಾರಿಗೆ ಬಂತು. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯ ಹಾಗೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು, ಅದನ್ನು ತಡ ಮಾಡಿದ ಅಧಿಕಾರಿಯಿಂದ ವಸೂಲು ಮಾಡಬಹುದು. ಸದನದಲ್ಲಿ ಒಪ್ಪಿಗೆ ಸಿಕ್ಕಿದೆ, ಬೋರ್ಡು ಹಾಕಿದ್ದಾರೆ. ನೀವು ಅರ್ಜಿ ಕೊಟ್ಟಾಗ ಯಾರಾದರೂ ಇದನ್ನು ಬಾಯಿಬಿಟ್ಟು ಹೇಳಿದ್ದಾರಾ? ಗಡುವು ಮುಗಿಯುವ ದಿನ 'ದಾಖಲೆ ಸಾಲದು' ಎಂದು ಅರ್ಜಿ ತಿರುಗಿ ಬಂದರೆ ಲೆಕ್ಕದಲ್ಲಿ ಅದು ಸಕಾಲಕ್ಕೆ ಮುಗಿದ ಕೆಲಸ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ.

ಹಾಗಂತ ವಿರೋಧಿಸುವವರೆಲ್ಲ ಫೋನಿನವರಲ್ಲ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆ ಬ್ಯಾಂಕುಗಳ ತವರು. ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ, ಐದೂ 1906ರಿಂದ 1931ರೊಳಗೆ ಇಲ್ಲೇ ಹುಟ್ಟಿದವು. ದೇಶದ ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವಾಗ ನೌಕರರ ಸಂಘಗಳು ಬಲವಾಗಿ ತಡೆದಿದ್ದವು. ಅವರ ಹೆದರಿಕೆ ಕೆಲಸ ಹೋಗುತ್ತದೆ ಎಂಬುದು, ಅದನ್ನು ಅವರು ಮುಚ್ಚಿಡಲಿಲ್ಲ. 1983ರಲ್ಲಿ ಎರಡೂ ಕಡೆಯವರು ಕೂತು ಒಪ್ಪಂದ ಮಾಡಿಕೊಂಡರು. 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು (ಹಿಂದಿನ ಗ್ರಾಮ ಲೆಕ್ಕಿಗರು) ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಹತ್ತಾರು ಆ್ಯಪ್ ಕೊಟ್ಟಿದ್ದೀರಿ, ಅದಕ್ಕೆ ತಕ್ಕ ಮೊಬೈಲು, ಲ್ಯಾಪ್‌ಟಾಪ್ ಕೊಟ್ಟಿಲ್ಲ ಎಂಬುದು ಅವರ ದೂರು. ಘಟ್ಟದ ಬುಡದ ಊರುಗಳಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವವರನ್ನು ನೋಡಿದವರಿಗೆ ಆ ದೂರು ಅರ್ಥವಾಗುತ್ತದೆ. ಈ ಇಬ್ಬರೂ ತಮಗೆ ಏನು ಬೇಕು ಎಂದು ಹೇಳಿದರು. ಅದನ್ನು ಕೊಟ್ಟರೆ ಕಂಪ್ಯೂಟರ್ ಬೇಡ ಅನ್ನುವವರಲ್ಲ.

ಆನ್‌ಲೈನ್ ಆದ ಮಾತ್ರಕ್ಕೆ ಎಲ್ಲ ಸರಿ ಎಂದು ನಾನು ಬರೆದರೆ ನೀವೇ ನನಗೆ ಬೈಯುತ್ತೀರಿ. ಕೈಬರಹದ ಆರ್‌ಟಿಸಿಯಲ್ಲಿದ್ದ ತಪ್ಪು ಹೆಸರು, ತಪ್ಪು ಸೆಂಟ್ಸು ಹಾಗೆಯೇ ಕಂಪ್ಯೂಟರಿಗೂ ಹೋದವು. ಈಗ ಅದನ್ನು ತಿದ್ದಿಸುವುದೇ ಇನ್ನೊಂದು ಅಲೆದಾಟ. ಐದು ಸೆಂಟ್ಸು ಜಾಗದಲ್ಲಿ ಮನೆ ಕಟ್ಟಲು ಪಂಚಾಯತಿನಲ್ಲಿ 9/11 (ಜಾಗದ ದಾಖಲೆಯ ನಮೂನೆ 9 ಮತ್ತು 11) ಮಾಡಿಸಲು ಹೋದವರನ್ನು ಕೇಳಿ ನೋಡಿ, ಚಪ್ಪಲಿ ಸವೆದ ಕಥೆ ಹೇಳುತ್ತಾರೆ. ಅರ್ಜಿ ಹಾಕುವುದು ಆನ್‌ಲೈನ್, ಆದರೆ ಸಹಿ ಹಾಕುವ ಮೇಜು ಹಳೆಯದೇ. ಅಲ್ಲಿ ಫೋನಿಗೆ ಇನ್ನೂ ಬೆಲೆ ಉಂಟು. ನಿಮ್ಮ ಮುಖಂಡರಿಗೆ ಸಿಕ್ಕಿದ ಚಪ್ಪಾಳೆಯಲ್ಲಿ ಅರ್ಧ ಈ ಅಲೆದಾಟದ್ದು.

ಮುಂದಿನ ಗ್ರಾಮಸಭೆಯಲ್ಲಿ ಅವರು ಮತ್ತೆ ಹಾಗೇ ಅಂದರೆ ನೀವು ಎದ್ದು ನಿಂತು ಒಂದು ಮಾತು ಕೇಳಿ. "ಅಣ್ಣಾ, ಈಗ ನಿಮ್ಮ ಬೇಡಿಕೆ ಏನು?" ವಾರಕ್ಕೆ ಎರಡು ದಿನ ಪಂಚಾಯತಿನಲ್ಲಿ ಹಿರಿಯರ ಅರ್ಜಿ ತುಂಬಿಕೊಡಲು ಒಬ್ಬರು ಕೂರಲಿ, ಬೆರಳು ಬಾರದವರ ಪಟ್ಟಿ ಮಾಡಿ ರೇಷನ್ ಅಂಗಡಿಯಲ್ಲಿ ಹಾಕಲಿ, ಸಕಾಲದ ಅರ್ಜಿಗಳಲ್ಲಿ ಎಷ್ಟು ಬಾಕಿ ಎಂದು ಪ್ರತಿ ಗ್ರಾಮಸಭೆಯಲ್ಲಿ ಓದಲಿ ಎಂದು ಅವರು ಹೇಳಿದರೆ ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿ. ನನ್ನದೂ ಸೇರಿಸಿ. "ಮೊದಲಿನ ಹಾಗೇ ಇರಲಿ" ಅಂದರೆ ಮಗಳ ಪ್ರಶ್ನೆಯನ್ನು ಅಲ್ಲೇ ಕೇಳಿಬಿಡಿ.

ಇನ್ನು ಅತ್ತೆಯ ವಿಷಯ. ಬೀಡಿ ಎಲೆ ಉಜ್ಜಿ ಉಜ್ಜಿ ಗೆರೆ ಸವೆದ ಬೆರಳುಗಳು ನಮ್ಮ ಜಿಲ್ಲೆಗಳಲ್ಲಿ ಮನೆ ಮನೆಯಲ್ಲಿವೆ. ಅದು ಅವರ ತಪ್ಪಲ್ಲ. ಆಧಾರ್ ವಿರುದ್ಧ ಮೊದಲು ಕೋರ್ಟಿಗೆ ಹೋದವರಲ್ಲಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರೂ ಒಬ್ಬರು. ಆ ಮೊಕದ್ದಮೆಯಲ್ಲಿ, ಬೆರಳು ಹೊಂದಲಿಲ್ಲ ಎಂಬ ಕಾರಣಕ್ಕೆ ಯಾರಿಗೂ ಸವಲತ್ತು ತಪ್ಪಿಸುವುದಿಲ್ಲ ಎಂದು ಸರ್ಕಾರ ಸುಪ್ರೀಂ ಕೋರ್ಟಿಗೆ ಮಾತು ಕೊಟ್ಟಿದೆ. 2018ರ ತೀರ್ಪಿನಲ್ಲಿ ಅದು ದಾಖಲಾಗಿದೆ. ಮೊದಲು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹತ್ತೂ ಬೆರಳಿನ ಗುರುತನ್ನು ಹೊಸದಾಗಿ ತೆಗೆಸಿ, ಕಣ್ಣಿನ ಗುರುತನ್ನೂ ತೆಗೆಸಿ. ನಿಮ್ಮ ಮೊಬೈಲ್ ನಂಬರನ್ನು ಅವರ ಆಧಾರಿಗೆ ಸೇರಿಸಿ. ಅಂಗಡಿಯವರು ಆಗಲೂ ಆಗುವುದಿಲ್ಲ ಅಂದರೆ, ಯಾಕೆ ಆಗುವುದಿಲ್ಲ ಎಂದು ಒಂದು ಚೀಟಿಯಲ್ಲಿ ಬರೆದುಕೊಡಲು ಹೇಳಿ. ಆ ಚೀಟಿ ಹಿಡಿದು ತಾಲೂಕು ಕಚೇರಿಯ ಆಹಾರ ಶಾಖೆಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಇಸಿದುಕೊಳ್ಳದೆ ಬರಬೇಡಿ. ಅದರ ಒಂದು ಪ್ರತಿ ನಮಗೂ ಕಳಿಸಿ.