ಗಂಗಾವತಿಯ ಹೆಳವರು, ಮಿಲ್ವಾಕಿಯ ಮಿಲ್ಲರ್

ಓದುಗರ ಪ್ರಶ್ನೆಗಳಿಗೆ ಉತ್ತರಿಸುವವರು ರಾಯಚೂರಿನ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ 31 ವರ್ಷ ದುಡಿದು ನಿವೃತ್ತರಾದವರು.

ಪ್ರಶ್ನೆ: ಅಣ್ಣಾವರೇ, ನಮಸ್ಕಾರ. ನನ್ನ ಮಗಳು ಅಮೆರಿಕದ ಮಿಲ್ವಾಕಿಯಲ್ಲಿದ್ದಾಳೆ. ಅಲ್ಲಿನ ಹುಡುಗನನ್ನೇ ಮದುವೆಯಾಗಿದ್ದಾಳೆ. ಹೋದ ಸುಗ್ಗಿಯಲ್ಲಿ ಅವರು ಊರಿಗೆ ಬಂದಾಗಲೇ ನಮ್ಮ ಮನೆತನದ ವಂಶಾವಳಿ ಹೇಳುವ ಹೆಳವರೂ ಬಂದರು. ನಮ್ಮ ಏಳು ತಲೆಮಾರಿನ ಹೆಸರು ಹೇಳಿ ಮುಗಿಸಿ, ನಾಲ್ಕು ವರ್ಷದ ಮೊಮ್ಮಗಳನ್ನು ನೋಡಿ, "ಈ ಕೂಸು ಯಾವ ಮನೆತನದ್ದು? ಇದರಪ್ಪನ ಊರು ಯಾವುದು?" ಅಂದರು. ಅಳಿಯ "ಜರ್ಮನಿ" ಅಂದ. "ಅದು ದೇಶ ಆಯ್ತು, ಊರು ಹೇಳ್ರಿ" ಅಂದರು. ಅಳಿಯ ಸುಮ್ನೆ ನಕ್ಕ. ಅವನ ಮುತ್ತಜ್ಜನ ಅಪ್ಪ 1881ರಲ್ಲಿ, 24ನೇ ವಯಸ್ಸಿನಲ್ಲಿ ಹಡಗು ಹತ್ತಿ ಬಂದರಂತೆ. ಮಿಲ್ವಾಕಿಯಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ದುಡಿದರಂತೆ. ಎಲ್ಲಿಸ್ ಐಲೆಂಡ್‌ನಲ್ಲಿ ಇಳಿದಾಗ ಅಧಿಕಾರಿಗೆ ಮ್ಯುಲ್ಲರ್ ಅನ್ನೋಕೆ ಬರದೆ ಮಿಲ್ಲರ್ ಅಂತ ಬರೆದುಬಿಟ್ಟನಂತೆ. ಗೊತ್ತಿರೋದು ಇಷ್ಟೇ. ಇಲ್ಲೇ ಕೂತು ಆ ಊರು ಹುಡುಕಬಹುದಾ?
– ಒಬ್ಬ ಅಜ್ಜಿ, ಗಂಗಾವತಿ

ಉತ್ತರ: ಹುಡುಕಬಹುದು ಅಕ್ಕಾವರೇ. ನಿಮ್ಮ ಹೆಳವರು ಕೇಳಬೇಕಾದ್ದನ್ನೇ ಕೇಳಿದ್ದಾರೆ. ಜರ್ಮನಿಯ ದೇಶಕ್ಕೆಲ್ಲ ಜನನ, ಮದುವೆ, ಮರಣ ಬರೆದಿಡುವ ಸರ್ಕಾರಿ ಕಚೇರಿ ಬಂದಿದ್ದು 1876ರಲ್ಲಿ. ನಿಮ್ಮ ಮಿಲ್ಲರ್ ಅಜ್ಜ ಹುಟ್ಟಿದ್ದು 1857ರ ಆಸುಪಾಸು. ಹಾಗಾಗಿ ಅವರ ಹೆಸರು ಸಿಗೋದು ಬಹುಶಃ ಯಾವುದೋ ಊರಿನ ಚರ್ಚಿನ ಪುಸ್ತಕದಲ್ಲಿ. ಊರು ಗೊತ್ತಾಗದೆ ಆ ಪುಸ್ತಕ ಸಿಗಲ್ಲ. ಬರೀ ಅಡ್ಡಹೆಸರು ಹಿಡಿದು ಹೊರಡಬೇಡಿ. ಮ್ಯುಲ್ಲರ್ ಅಂದರೆ ಗಿರಣಿಯವರು. ಜರ್ಮನಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಅಡ್ಡಹೆಸರು ಅದೇ. ನಿಮ್ಮ ಗಂಗಾವತಿಗೆ ಬಂದು "ರೈಸ್ ಮಿಲ್ಲಿನವರ ಮನೆ ಎಲ್ಲಿ?" ಅಂತ ಕೇಳಿದ ಹಾಗೆ ಆಗುತ್ತದೆ!

ಎಲ್ಲಿಸ್ ಐಲೆಂಡ್ ಕಥೆಯನ್ನು ಬದಿಗಿಡಿ. ನ್ಯೂಯಾರ್ಕಿನ ಆ ವಲಸಿಗರ ಠಾಣೆ ಶುರುವಾಗಿದ್ದೇ 1892ರ ಜನವರಿ 1ಕ್ಕೆ. 1881ರಲ್ಲಿ ನ್ಯೂಯಾರ್ಕಿಗೆ ಬಂದವರು ಇಳಿಯುತ್ತಿದ್ದುದು ಕ್ಯಾಸಲ್ ಗಾರ್ಡನ್‌ನಲ್ಲಿ. ಬಾಲ್ಟಿಮೋರ್ ಬಂದರಿನಲ್ಲಿ ಇಳಿದವರೂ ಬೇಕಾದಷ್ಟು ಜನ. ಇನ್ನೊಂದು ಮಾತು: ಪ್ರಯಾಣಿಕರ ಪಟ್ಟಿ ಬರೆಯುತ್ತಿದ್ದವರು ಹಡಗಿನ ಕಂಪನಿಯವರು. ಇಳಿಯುವ ಕಡೆ ಇದ್ದ ಅಧಿಕಾರಿ ಆ ಪಟ್ಟಿ ನೋಡಿ ಜನರನ್ನು ಒಳಗೆ ಬಿಡುತ್ತಿದ್ದ, ಅಷ್ಟೆ. ಹೆಸರು ಬದಲಿಸಿಕೊಂಡವರು ಬಹುಪಾಲು ಮನೆಯವರೇ.

ನನ್ನ ತಂಗಿಯ ಮಗಳೂ ನಿಮ್ಮ ಮಿಲ್ವಾಕಿ ಇರುವ ವಿಸ್ಕಾನ್ಸಿನ್ ರಾಜ್ಯದ ಇಂಥದೇ ಒಂದು ಮನೆಗೆ ಸೊಸೆಯಾಗಿ ಹೋಗಿದ್ದಾಳೆ. ರಿಟೈರ್ ಆದಮೇಲೆ ಅವಳ ಗಂಡನ ಮನೆತನ ಹುಡುಕೋದೇ ನನಗೊಂದು ಕೆಲಸವಾಯಿತು. ಅವರ ಮನೆಯಲ್ಲೂ ಇದೇ ಕಥೆ ಇತ್ತು. ಜನಗಣತಿ ತೆಗೆದು ನೋಡಿದರೆ 1910ರಲ್ಲಿ ಜರ್ಮನ್ ಹೆಸರೇ ಇದೆ. 1920ರಲ್ಲಿ ಇಂಗ್ಲಿಷ್ ಹೆಸರಾಗಿದೆ. ನಡುವೆ ಏನಾಯಿತು? 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕೆ ಇಳಿಯಿತು. ಜರ್ಮನ್ ಮಾತಾಡಿದವರನ್ನು ಅನುಮಾನದಿಂದ ನೋಡುವ ಕಾಲ ಅದು. ಹೆದರಿ ಹೆಸರು ಬದಲಿಸಿದೆವು ಅನ್ನೋದಕ್ಕಿಂತ ಅಧಿಕಾರಿಗೆ ಬರೆಯೋಕೆ ಬರಲಿಲ್ಲ ಅನ್ನೋದು ಮಕ್ಕಳಿಗೆ ಹೇಳೋಕೆ ಸಲೀಸು, ಅಲ್ವಾ? ನಿಮ್ಮ ಬೀಗರ ಮನೆಯಲ್ಲೂ ಹೀಗೇ ಆಗಿರಬೇಕು ಅಂತ ನಾನು ಹೇಳುತ್ತಿಲ್ಲ. ಆ ಎರಡು ಗಣತಿ ಮೊದಲು ನೋಡಿ. 1900ರ ಗಣತಿಯನ್ನೂ ಬಿಡಬೇಡಿ. ಯಾವ ವರ್ಷ ದೇಶಕ್ಕೆ ಬಂದರು, ಯಾವ ತಿಂಗಳಲ್ಲಿ ಹುಟ್ಟಿದರು ಅಂತ ಅದರಲ್ಲಿ ಬರೆದಿರುತ್ತದೆ. 1890ರ ಗಣತಿ ಹುಡುಕಿ ದಣಿಯಬೇಡಿ, 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಹೆಚ್ಚುಕಡಿಮೆ ಪೂರ್ತಿ ಹಾಳಾಯಿತು. ಇವೆಲ್ಲ ಫ್ಯಾಮಿಲಿಸರ್ಚ್ ಅನ್ನುವ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮಾರ್ಮನ್ ಚರ್ಚಿನವರು ನಡೆಸುವ ತಾಣ ಅದು. ಮೊಬೈಲ್ ಸಾಕು, ಕನ್ನಡಕ ಮಾತ್ರ ಒಳ್ಳೆಯದಿರಲಿ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ನಮ್ಮ ಬೀಗರ ಹಿರಿಯ ಯೋಹಾನ್ ಅಂತ ತಿಳಿದು, ಸಿಕ್ಕ ಯೋಹಾನ್‌ನನ್ನೆಲ್ಲ ಹಿಡಿದೆ. ಮೂರು ತಿಂಗಳು ಯಾರದೋ ಅಜ್ಜನ ಹಿಂದೆ ಬಿದ್ದಿದ್ದೆ. ಆಮೇಲೆ ತಿಳಿಯಿತು. ಆ ಕಾಲದಲ್ಲಿ ಒಂದೇ ಮನೆಯಲ್ಲಿ ಯೋಹಾನ್ ಪೀಟರ್, ಯೋಹಾನ್ ಗೇಯೋರ್ಗ್, ಯೋಹಾನ್ ಆಡಮ್ ಅಂತ ಮೂವರೂ ಇರುತ್ತಿದ್ದರು. ಮನೆಯಲ್ಲಿ ಕರೆಯುತ್ತಿದ್ದುದು ಎರಡನೇ ಹೆಸರಿನಿಂದ. ನಮ್ಮ ಹುಲಿಗಿ ಸುತ್ತಮುತ್ತ ಓಣಿಗೆ ಹತ್ತು ಜನ ಹುಲಿಗೆಪ್ಪ ಇರುತ್ತಾರಲ್ಲ, ಕರೇ ಹುಲಿಗೆಪ್ಪ, ಎತ್ತರದ ಹುಲಿಗೆಪ್ಪ ಅಂತ ಗುರುತು ಹಿಡಿಯುತ್ತೇವಲ್ಲ, ಹಾಗೆ. ನಮ್ಮವರು ಕೊನೆಗೆ ಪೀಟರ್ ಆಗಿ ಸಿಕ್ಕರು. ನಿಮ್ಮ ಮಿಲ್ಲರ್ ಅಜ್ಜನ ಹೆಸರಿಗೂ ಹಿಂದೆ ಮುಂದೆ ಇನ್ನೊಂದು ಹೆಸರು ಇದೆಯಾ ಅಂತ ನೋಡಿ.

ಊರು ಸಿಕ್ಕಿದ್ದು ಹೇಗೆ? ಅವರ ಹೆಸರಿನಿಂದ ಅಲ್ಲ, ನೆರೆಯವರಿಂದ. ನಮ್ಮ ಕಡೆ ಗುಳೆ ಹೋಗುವವರನ್ನು ನೋಡಿದ್ದೀರಲ್ಲ. ಬೆಂಗಳೂರಿನ ಒಂದು ಶೆಡ್ಡಿನ ಸಾಲಿನಲ್ಲಿ ಒಂದೇ ಓಣಿಯವರು ಇರುತ್ತಾರೆ. ಮೊದಲು ಹೋದವನು ಅಣ್ಣನನ್ನು ಕರೆಸುತ್ತಾನೆ, ಅಣ್ಣ ಮಾವನನ್ನು. ಅವರದೂ ದೊಡ್ಡ ಗುಳೆಯೇ. 1880ರ ದಶಕವೊಂದರಲ್ಲೇ 14 ಲಕ್ಷಕ್ಕೂ ಜಾಸ್ತಿ ಜರ್ಮನರು ಅಮೆರಿಕಕ್ಕೆ ಹೋದರು. ಕೆಲವು ಕಡೆ ಹೊಲ ಮಕ್ಕಳಿಗೆ ಹಂಚಿ ಹಂಚಿ ಒಂದು ಪಟ್ಟಿಯಷ್ಟೇ ಉಳಿದಿತ್ತು. ಪೂರ್ವದ ಕಡೆ ಜಮೀನೆಲ್ಲ ದೊಡ್ಡ ಜಮೀನ್ದಾರರದು, ಉಳಿದವರು ಕೂಲಿಗಳು. ಹೀಗೆ ಹೋದವರಲ್ಲೂ ಒಂದೇ ಊರಿನವರು ಒಟ್ಟಿಗಿರುತ್ತಿದ್ದರು, ಅದಕ್ಕೇ ವಿಸ್ಕಾನ್ಸಿನ್ನಿನ ಚರ್ಚುಗಳ ಪುಸ್ತಕ ಹುಡುಕಿ. ಪಾದ್ರಿಗಳು ಜರ್ಮನ್ನಿನಲ್ಲೇ ಬರೆದಿಟ್ಟಿರುತ್ತಾರೆ. ಎಷ್ಟೋ ಕಡೆ ಹುಟ್ಟಿದೂರನ್ನೂ ಸೇರಿಸಿರುತ್ತಾರೆ. ಮಗುವಿನ ದೀಕ್ಷಾಸ್ನಾನದಲ್ಲಿ ಪಕ್ಕಕ್ಕೆ ನಿಂತವರ ಹೆಸರು ಬರೆದುಕೊಳ್ಳಿ. ಅವರು ಬಹಳ ಸಲ ತಮ್ಮ, ತಂಗಿ, ಊರಿನವರೇ ಆಗಿರುತ್ತಾರೆ. ನಮಗೆ ಊರಿನ ಹೆಸರು ಸಿಕ್ಕಿದ್ದು ಪೀಟರನ ಹೆಂಡತಿಯ ತಂಗಿಯ ಸಾವಿನ ದಾಖಲೆಯಲ್ಲಿ. ಸಮಾಧಿ ಕಲ್ಲು, ಹಳೇ ಬೈಬಲ್ಲಿನ ಮೊದಲ ಹಾಳೆ, ಫೋಟೋದ ಹಿಂಭಾಗ ಕೂಡ ನೋಡಬೇಕು. ಅಳಿಯನ ಅಜ್ಜಿ ಇದ್ದರೆ ಇವತ್ತೇ ವಿಡಿಯೋ ಕಾಲ್ ಮಾಡಿಸಿ. ಕಾಗದ ಎಲ್ಲೂ ಹೋಗಲ್ಲ, ಅಜ್ಜಿಯ ನೆನಪು ಕಾಯಲ್ಲ.

ಹ್ಯಾಂಬರ್ಗ್ ಬಂದರಿನಿಂದ ಹೊರಟಿದ್ದರೆ ನಿಮ್ಮ ಅದೃಷ್ಟ. 1850ರಿಂದ 1934ರವರೆಗಿನ ಪಟ್ಟಿಗಳು ಉಳಿದಿವೆ, ಕೊನೆಗೆ ವಾಸವಿದ್ದ ಊರೂ ಅದರಲ್ಲಿದೆ. ಬ್ರೆಮೆನ್‌ನಿಂದ ಹೊರಟಿದ್ದರೆ ಕಷ್ಟ, ಅಲ್ಲಿನ ಹಳೇ ಪಟ್ಟಿಗಳು ಬಹುಪಾಲು ಉಳಿದಿಲ್ಲ.

ಊರು ಸಿಕ್ಕಮೇಲೂ ಅದು ಈಗಿನ ಜರ್ಮನಿಯ ನಕ್ಷೆಯಲ್ಲಿ ಕಾಣದಿದ್ದರೆ ಗಾಬರಿಯಾಗಬೇಡಿ. ವಿಸ್ಕಾನ್ಸಿನ್‌ಗೆ ಪೊಮೆರೇನಿಯಾದಿಂದ ಬಂದವರು ಬಹಳ. ಆ ನಾಡಿನ ಹೆಚ್ಚಿನ ಭಾಗ ಈಗ ಪೋಲೆಂಡಿನಲ್ಲಿದೆ. ನಮಗೇನು ಹೊಸದೇ? ಬಳ್ಳಾರಿ 1953ರವರೆಗೆ ಮದ್ರಾಸಿನ ಕಡೆಗಿತ್ತು, ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನ ಕಡೆಗಿದ್ದವು. ಜನ ಕೂತಲ್ಲೇ ಇದ್ದರು, ಕಾಗದ ಮಾತ್ರ ಬೇರೆ ಬೇರೆ ಊರು ಸೇರಿತು. ಮೈಯರ್ಸ್ ಗೆಜೆಟಿಯರ್ ಅಂತ 1912ರ ಸುಮಾರಿನ ಊರುಪಟ್ಟಿ ಇದೆ, ಅಂತರಜಾಲದಲ್ಲೇ ಸಿಗುತ್ತದೆ. ಯಾವ ಊರು ಯಾವ ಜಿಲ್ಲೆ, ಅಲ್ಲಿ ಚರ್ಚು ಇತ್ತಾ ಅಂತ ಅದು ಹೇಳುತ್ತದೆ. ಆಮೇಲೆ ಕ್ಯಾಥೊಲಿಕ್ ಆದರೆ ಮೆಟ್ರಿಕುಲಾ ತಾಣ, ಪುಕ್ಕಟೆ. ಪ್ರಾಟೆಸ್ಟಂಟ್ ಆದರೆ ಆರ್ಕಿಯೋನ್, ದುಡ್ಡು ಕೊಡಬೇಕು. ಒಂದು ತಿಂಗಳಿಗೆ ಅಂತ ಕಟ್ಟಿ, ಕೆಲಸ ಮುಗಿಸಿ.

ಪುಟ ತೆರೆದಾಗ ಒಂದಕ್ಷರವೂ ಅರ್ಥವಾಗಲ್ಲ. ಅದು ಕುರೆಂಟ್ ಅನ್ನುವ ಹಳೇ ಜರ್ಮನ್ ಕೈಬರಹ. 'e' ಅಕ್ಷರ 'n' ಥರ ಕಾಣುತ್ತದೆ, 'u' ತಲೆಯ ಮೇಲೊಂದು ಕೊಕ್ಕೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ರೂಮಿನಲ್ಲಿ ನಿಜಾಮರ ಕಾಲದ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು. ವಯಸ್ಸಾದ ಮುನ್ಷಿ ಸಾಹೇಬರೊಬ್ಬರು ಬಂದು ಓದಿ ಹೇಳುತ್ತಿದ್ದರು. "ಪೂರಾ ಓದೋಕೆ ಹೋಗಬೇಡ. ಮೊದಲು ಹೆಸರು, ಊರು, ತಾರೀಖು ಗುರುತು ಹಿಡಿ" ಅಂತಿದ್ದರು. ಕುರೆಂಟಿಗೂ ನಾನು ಅದನ್ನೇ ಮಾಡಿದೆ. ಮ್ಯುಲ್ಲರ್ ಅನ್ನೋದನ್ನು ಆ ಬರಹದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡು, ಅದೇ ಆಕಾರ ಹುಡುಕುತ್ತಾ ಹೋಗಿ. ಡಿಎನ್ಎ ಪರೀಕ್ಷೆಗೆ ದುಡ್ಡು ಹಾಕೋದು ಆಮೇಲಿನ ಮಾತು. ಅದು ನೆಂಟರನ್ನು ತೋರಿಸುತ್ತದೆ, ಊರಿನ ಹೆಸರು ಬರೆದು ಕೊಡಲ್ಲ.

ಮುಂದಿನ ಸುಗ್ಗಿಗೆ ಹೆಳವರು ಬಂದಾಗ ಏನು ಬರೆಸಿದಿರಿ ಅಂತ ನನಗೊಂದು ಕಾರ್ಡ್ ಹಾಕಿ.

ಪ್ರಶ್ನೆ: ನಮ್ಮ ಹಳೇ ಮನೆಯ ಹೆಂಚಿನ ಮೇಲೆ ಬಾಸೆಲ್ ಮಿಷನ್, 1865 ಅಂತ ಅಚ್ಚಿದೆ. ನಮ್ಮ ಹಿರಿಯರಿಗೆ ಜರ್ಮನರ ನಂಟಿತ್ತು, ಮನೆ 1865ರದ್ದು ಅಂತ ಚಿಕ್ಕಪ್ಪ ವಾದ ಮಾಡುತ್ತಾರೆ. ನಿಜವೇ?
– ಒಬ್ಬ ಓದುಗ, ಸಿರುಗುಪ್ಪ

ಉತ್ತರ: ನಂಟು ಹೆಂಚಿನವರೆಗೆ ಮಾತ್ರ ತಮ್ಮಾ. 1865 ಅನ್ನೋದು ಮಂಗಳೂರಿನಲ್ಲಿ ಮಿಷನ್ನಿನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಎಷ್ಟೋ ವರ್ಷ ಆಮೇಲೆ ಮಾಡಿದ ಹೆಂಚಿಗೂ ಅದೇ ಅಚ್ಚು ಬೀಳುತ್ತಿತ್ತು. ಬಾಸೆಲ್ ಇರೋದು ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿಂದ ಬಂದವರಲ್ಲಿ ಜರ್ಮನರು ಬಹಳ ಇದ್ದರು ಅನ್ನೋದು ನಿಜ, ನಿಘಂಟಿನ ಕಿಟ್ಟೆಲ್ ಸಾಹೇಬರೂ ಅವರಲ್ಲೊಬ್ಬರು. ಮನೆಯ ವಯಸ್ಸು ಬೇಕಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೇ ಖರೀದಿ ಪತ್ರದ ನಕಲು ತೆಗೆಸಿ. ಮನೆ ಕೆಡವುವ ಯೋಚನೆ ಇದ್ದರೆ ಹೆಂಚು ನಾಲ್ಕು ಎತ್ತಿಡಿ, ಚಿಕ್ಕಪ್ಪನಿಗೆ ಬೇಕಾಗುತ್ತವೆ.