‘ಆಮೇಲೆ’ ಬೇರೆ, ‘ಅದಕ್ಕೇ’ ಬೇರೆ

ಪ್ರಶ್ನೆ: ಮೂರನೇ ತರಗತಿಯ ಮಕ್ಕಳು ಕಥೆಯನ್ನು ತಡವರಿಸದೆ ಓದುತ್ತಾರೆ. ಆದರೆ ‘ಹಾಲು ಯಾಕೆ ಚೆಲ್ಲಿತು?’ ಎಂದು ಕೇಳಿದರೆ ಹಿಂದಿನ ಸಾಲಿನಲ್ಲಿ ಏನಿದೆಯೋ ಅದನ್ನೇ ಒಪ್ಪಿಸುತ್ತಾರೆ. ಕಾರಣ-ಪರಿಣಾಮವನ್ನು ಚಟುವಟಿಕೆಯ ಮೂಲಕ ಕಲಿಸುವುದು ಹೇಗೆ?
– ಪ್ರಾಥಮಿಕ ಶಾಲಾ ಶಿಕ್ಷಕಿ

ಉತ್ತರ: ಮಕ್ಕಳು ಕಥೆಯನ್ನು ‘ಆಮೇಲೆ, ಆಮೇಲೆ’ ಎಂದು ಪೋಣಿಸಿಕೊಂಡು ಓದುತ್ತಾರೆ. ಮೊದಲು ನಡೆದದ್ದೆಲ್ಲ ಕಾರಣವಲ್ಲ ಎಂದು ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಒಂದನ್ನು ತೆಗೆದು, ಉಳಿದದ್ದು ನಡೆಯುತ್ತದೆಯೇ ಎಂದು ಅವರೇ ನೋಡಬೇಕು. ಅದಕ್ಕೆ, ಸಾಲಾಗಿ ನಿಲ್ಲಿಸಿ ಮೊದಲನೆಯದನ್ನು ತಳ್ಳಿದರೆ ಒಂದೊಂದಾಗಿ ಬೀಳುವ ಡಾಮಿನೋ ಬಿಲ್ಲೆಗಳು ಹೇಳಿ ಮಾಡಿಸಿದಂತಿವೆ.

ಆರು ಬಿಲ್ಲೆಗಳಿಗೆ ಒಂದೊಂದು ಚೀಟಿ ಅಂಟಿಸಿ: ಹುಡುಗಿ ಕಿಟಕಿ ತೆರೆದಳು, ಗಾಳಿ ನುಗ್ಗಿತು, ಪರದೆ ಹಾರಿತು, ಪರದೆ ಲೋಟಕ್ಕೆ ಬಡಿಯಿತು, ಲೋಟ ಉರುಳಿತು, ಹಾಲು ಚೆಲ್ಲಿತು. ಏಳನೆಯದಕ್ಕೆ ‘ಗಡಿಯಾರ ಆರು ಹೊಡೆಯಿತು’ ಎಂದು ಬರೆದು ಬದಿಗಿಡಿ. ಆರನ್ನು ಸಾಲಾಗಿ ನಿಲ್ಲಿಸಿ ಒಮ್ಮೆ ಬೀಳಿಸಿ. ಮತ್ತೆ ನಿಲ್ಲಿಸಿ, ‘ಪರದೆ ಹಾರಿತು’ ಬಿಲ್ಲೆಯನ್ನು ತೆಗೆದು, ತಳ್ಳುವ ಮೊದಲೇ ಕೇಳಿ: ಈಗ ಹಾಲು ಚೆಲ್ಲುತ್ತದೆಯೇ?

ಇಲ್ಲಿ ಅಳತೆ ತಪ್ಪಿದರೆ ಪಾಠವೇ ತಪ್ಪುತ್ತದೆ. ಬಿಲ್ಲೆಗಳ ನಡುವಿನ ಅಂತರ ಎತ್ತರದ ಅರ್ಧದಷ್ಟಿರಬೇಕು, 5 ಸೆಂ.ಮೀ. ಬಿಲ್ಲೆಗೆ 2.5 ಸೆಂ.ಮೀ. ಅಂತರ 1.5 ಸೆಂ.ಮೀ.ಗೆ ಇಳಿದರೆ, ನಡುವಿನದನ್ನು ತೆಗೆದರೂ ಹಿಂದಿನದು ಮುಂದಿನದಕ್ಕೆ ಎಟುಕಿ ಸಾಲು ಬಿದ್ದೇಬಿಡುತ್ತದೆ. ನುಣುಪು ನೆಲದ ಮೇಲೆ ಬಿಲ್ಲೆ ಜಾರುತ್ತದೆ, ಕೆಳಗೆ ದಪ್ಪ ಕಾಗದ ಹಾಸಿ.

ಕೊನೆಗೆ ಗಡಿಯಾರದ ಬಿಲ್ಲೆ ಎಲ್ಲಿ ನಿಲ್ಲಬೇಕು ಎಂದು ಕೇಳಿ. ಸಾಲಿನೊಳಗೆ ಸೇರಿಸಿದರೆ ಅದೂ ಮುಂದಿನದನ್ನು ಬೀಳಿಸುತ್ತದೆ. ಬಿಲ್ಲೆಗೆ ಕಥೆ ಗೊತ್ತಿಲ್ಲವಲ್ಲ! ಹಾಗಾಗಿ ಜಾಗ ತೀರ್ಮಾನಿಸಬೇಕಾದವರು ಮಕ್ಕಳೇ: ‘ಗಡಿಯಾರ ಹೊಡೆಯದಿದ್ದರೂ ಹಾಲು ಚೆಲ್ಲುತ್ತಿತ್ತೇ?’ ಈ ವಾದಕ್ಕೆ ಸಾಕಷ್ಟು ಸಮಯ ಕೊಡಿ. ಬಿಲ್ಲೆ ಬೀಳಿಸುವುದಕ್ಕಿಂತ ಇದೇ ಮುಖ್ಯ.

ಪ್ರಶ್ನೆ: ಅಡುಗೆ ಸೋಡಾ, ವಿನೆಗರ್ ಹಾಕಿ ಬಲೂನು ಉಬ್ಬಿಸುವ ಪ್ರಯೋಗ ಮಾಡಿಸಿದೆ. ಕೆಲವು ಬಲೂನು ಉಬ್ಬಲೇ ಇಲ್ಲ. ಉಬ್ಬಿದ್ದು ಯಾಕೆಂದು ಕೇಳಿದರೆ ‘ಅಲ್ಲಾಡಿಸಿದ್ದಕ್ಕೆ’ ಎಂದರು.
– ಐದನೇ ತರಗತಿಯ ಶಿಕ್ಷಕ

ಉತ್ತರ: ಅವರ ಉತ್ತರವನ್ನು ತಳ್ಳಿಹಾಕಬೇಡಿ. ಅವರು ಕಂಡದ್ದು ಒಂದೇ ಬಾಟಲಿ, ಅದನ್ನು ಅಲ್ಲಾಡಿಸಿದ್ದೂ ನಿಜ. ಎರಡು ಬಾಟಲಿ ಬೇಕು. 500 ಮಿ.ಲೀ. ಬಾಟಲಿ ಎರಡು, ಒಂದಕ್ಕೆ 100 ಮಿ.ಲೀ. ವಿನೆಗರ್, ಇನ್ನೊಂದಕ್ಕೆ ಅಷ್ಟೇ ನೀರು. ಎರಡೂ ಬಲೂನಿಗೆ ಒಂದೊಂದು ಟೀ ಚಮಚ ಸೋಡಾ. ಬಲೂನುಗಳನ್ನು ಬಾಟಲಿಗಳ ಬಾಯಿಗೆ ಸಿಕ್ಕಿಸಿ, ಮೇಲೆತ್ತಿ ಪುಡಿ ಉದುರಿಸಿ, ಎರಡನ್ನೂ ಸಮನಾಗಿ ಅಲ್ಲಾಡಿಸಿ. ನೀರಿನದು ಜೋತೇ ಇರುತ್ತದೆ. ಬದಲಿಸಿದ್ದು ಒಂದನ್ನೇ ಆದ್ದರಿಂದ ಉತ್ತರವೂ ಒಂದೇ. ಶುರುಮಾಡುವ ಮೊದಲು ‘ಏನಾಗುತ್ತದೆ, ಯಾಕೆ’ ಎಂದು ಪ್ರತಿಯೊಬ್ಬರೂ ಒಂದು ಸಾಲು ಬರೆಯಲಿ. ಬರೆಯದಿದ್ದರೆ ಆಮೇಲೆ ಎಲ್ಲರೂ ‘ನನಗೆ ಗೊತ್ತಿತ್ತು’ ಎನ್ನುತ್ತಾರೆ.

ಉಬ್ಬದಿರಲು ಸಾಮಾನ್ಯ ಕಾರಣ, ಸೋಡಾ ಬದಲು ಬೇಕಿಂಗ್ ಪೌಡರ್ ಹಾಕಿರುವುದು. ಅದರಲ್ಲಿ ಪಿಷ್ಟವೂ ಬೆರೆತಿರುವುದರಿಂದ ಬಲೂನು ಉಬ್ಬಿಸುವ ಅನಿಲ ಕಡಿಮೆ. ಬಲೂನಿನ ಕತ್ತು ಒದ್ದೆಯಾಗಿದ್ದರೆ ಪುಡಿ ಅಲ್ಲೇ ಮೆತ್ತಿಕೊಳ್ಳುತ್ತದೆ. ಹೊಸ ಬಲೂನು ಬಿಗಿಯಾಗಿರುತ್ತದೆ, ಒಮ್ಮೆ ಊದಿ ಗಾಳಿ ಬಿಡಿ. ಮೂರು ಚಮಚ ಸೋಡಾ ಹಾಕಿದರೆ ಮೂರು ಪಟ್ಟು ಉಬ್ಬುವುದಿಲ್ಲ: ವಿನೆಗರ್‌ನ ಆಮ್ಲ ಮುಗಿದ ಮೇಲೆ ಉಳಿದ ಸೋಡಾ ಸುಮ್ಮನೆ ತಳ ಸೇರುತ್ತದೆ. ದೊಡ್ಡ ಮಕ್ಕಳಿಗೆ ಇದನ್ನೂ ಮಾಡಿ ತೋರಿಸಬಹುದು. ಬಾಟಲಿಗೆ ಮುಚ್ಚಳ ಮಾತ್ರ ಬಿಗಿಯಬೇಡಿ, ಸಿಡಿಯುತ್ತದೆ.

ಪ್ರಶ್ನೆ: ‘ಯಾಕೆಂದರೆ’ ಬಂದ ವಾಕ್ಯಗಳಲ್ಲಿ ಮಗಳು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡುತ್ತಾಳೆ.
– ಒಬ್ಬ ತಾಯಿ

ಉತ್ತರ: ‘ಮಳೆ ಸುರಿಯಿತು, ಆದ್ದರಿಂದ ಆಟ ನಿಂತಿತು’ ಎಂಬಲ್ಲಿ ಕಾರಣ ಮೊದಲು. ‘ಆಟ ನಿಂತಿತು, ಯಾಕೆಂದರೆ ಮಳೆ ಸುರಿಯಿತು’ ಎಂಬಲ್ಲಿ ಕೊನೆಗೆ. ಮೊದಲು ಬಂದದ್ದೇ ಕಾರಣ ಎಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ. ಮಳೆಯದು ಕೆಂಪು ಪಟ್ಟಿ, ಆಟದ್ದು ನೀಲಿ ಪಟ್ಟಿ. ನಡುವೆ ಜೋಡಿಸುವ ಪದದ ಚೀಟಿ, ಕೆಳಗೆ ರಟ್ಟಿನ ಬಾಣ. ಬಾಣ ಯಾವಾಗಲೂ ಕೆಂಪಿನಿಂದ ನೀಲಿಗೆ. ಪಟ್ಟಿಗಳ ಜಾಗ ಬದಲಾದಾಗ ಬಾಣವನ್ನು ಅವಳೇ ತಿರುಗಿಸಲಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಪದ ಹುಡುಕಿ ಉತ್ತರ ಹೇಳುವ ಅಭ್ಯಾಸ ಅಂಟಿದರೆ ಕಥೆ ಓದುವಾಗ ಸೋಲುತ್ತಾಳೆ, ಏಕೆಂದರೆ ಕಥೆಗಳಲ್ಲಿ ಹೆಚ್ಚಾಗಿ ‘ಮಳೆ ಸುರಿಯಿತು. ಆಟ ನಿಂತಿತು.’ ಎಂದಷ್ಟೇ ಇರುತ್ತದೆ. ಚೀಟಿಯ ಜಾಗ ಖಾಲಿ ಬಿಟ್ಟು, ಅಲ್ಲಿಗೆ ಯಾವ ಪದ ಹೊಂದುತ್ತದೆ ಎಂದು ಕೇಳಿ.

ಪ್ರಶ್ನೆ: ಐದು ವರ್ಷದ ಮಗುವಿಗೆ ಬೀಜ ಮೊಳೆಯುವುದನ್ನು ತೋರಿಸಿ ಶುರುಮಾಡಬಹುದೇ?
– ಒಬ್ಬ ತಂದೆ

ಉತ್ತರ: ಬೇಡ, ಅದು ಆಮೇಲೆ. ನೀರು ಹಾಕಿದ್ದಕ್ಕೂ ಮೊಳಕೆಗೂ ನಡುವೆ ದಿನಗಳೇ ಕಳೆದಿರುತ್ತವೆ, ಮಗು ಎರಡನ್ನೂ ಜೋಡಿಸುವುದಿಲ್ಲ. ಬೆಲ್ಜಿಯಂನ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮಿಶೋಟ್ 1946ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಆಕೃತಿ ಇನ್ನೊಂದಕ್ಕೆ ತಾಗಿದ ಕೂಡಲೇ ಆ ಎರಡನೆಯದು ಚಲಿಸಿದರೆ ದೊಡ್ಡವರಿಗೂ ‘ತಳ್ಳಿತು’ ಎಂದೇ ಕಾಣುತ್ತಿತ್ತು. ತುಸು ತಡವಾದರೆ ಹಾಗೆ ಕಾಣುತ್ತಿರಲಿಲ್ಲ. ಹಾಗಾಗಿ ಪರಿಣಾಮ ತಕ್ಷಣ ಕಾಣುವ ಟಾರ್ಚ್ ಮತ್ತು ಗೊಂಬೆಯ ಆಟದಿಂದ ಶುರುಮಾಡಿ. ಕತ್ತಲ ಕೋಣೆಯಲ್ಲಿ ಗೊಂಬೆಯನ್ನು ಗೋಡೆಯಿಂದ ಒಂದು ಅಡಿ ದೂರ ಇಟ್ಟು ಟಾರ್ಚನ್ನು ಮಗುವಿನ ಕೈಗೇ ಕೊಡಿ. ಗೊಂಬೆಯ ಹತ್ತಿರ ತಂದರೆ ನೆರಳು ಹಿಗ್ಗುತ್ತದೆ, ದೂರ ಒಯ್ದರೆ ಕುಗ್ಗುತ್ತದೆ, ಆರಿಸಿದರೆ ಇಲ್ಲವೇ ಇಲ್ಲ. ಬೇರೆ ದೀಪ ಉರಿಯುತ್ತಿದ್ದರೆ ಎರಡು ನೆರಳು ಬಿದ್ದು ಗೊಂದಲವಾಗುತ್ತದೆ, ಮೊದಲೇ ಆರಿಸಿರಿ.